ಕನಾಕಿಸನ ಸೊಪ್ಪು, ಬೀಗಿತ್ತಿಯ ಕಣ್ಣು

ಕ್ರೀಟ್ ದ್ವೀಪದ ಗುಡ್ಡದ ನೆತ್ತಿಯಲ್ಲಿರುವ ಪೆತ್ರೋಖೋರಿಗೆ ಇನ್ನೂ ಬಸ್ಸು ಬಾರದಿದ್ದ ಕಾಲ. ಆ ಊರಿನಲ್ಲಿ ಕನಾಕಿಸನ ಮನೆ ಎಲ್ಲಿ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮೂಗು ಇದ್ದರೆ ಸಾಕಿತ್ತು. ಕೆಳಗೆ ಸಮುದ್ರದಲ್ಲಿ ಮಂಜು ಕವಿದು ದಿಕ್ಕು ತಪ್ಪಿದ ಮೀನುಗಾರರು ಗಾಳಿಯನ್ನು ಮೂಸಿ, "ಅಗೋ, ಕನಾಕಿಸನ ಅಟ್ಟ. ದೋಣಿ ಎಡಕ್ಕೆ ತಿರುಗ್ಸು" ಎಂದು ದಡ ಸೇರುತ್ತಿದ್ದರಂತೆ. ಹೀಗೆಂದು ಹೇಳಿದವನು ಕನಾಕಿಸನೇ. ಆದರೆ ಅವನ ಅಟ್ಟದ ತುಂಬ ಸೊಪ್ಪಿನ ಕಟ್ಟುಗಳು ತಲೆಕೆಳಗಾಗಿ ತೂಗುತ್ತಿದ್ದದ್ದಂತೂ ಸುಳ್ಳಲ್ಲ.

ಫಸ್ಕೊಮಿಲ್ಯಾ ಎಂಬ ಆ ಗಿಡ ಮಣ್ಣೇ ಇಲ್ಲದ ಕಲ್ಲುಸಂದಿಯಲ್ಲಿ ಸೊಂಟದೆತ್ತರಕ್ಕೆ ಪೊದೆಗಟ್ಟಿ ಬೆಳೆಯುತ್ತದೆ. ಎಲೆ ಬೂದು ಬಣ್ಣ, ಮುಟ್ಟಿದರೆ ಕುರಿಮರಿಯ ಕಿವಿಯ ಹಾಗೆ ಮೆತ್ತಗೆ, ಉಜ್ಜಿದರೆ ತಲೆಯೊಳಗಿನ ನೆಗಡಿಯೆಲ್ಲ ಎದ್ದು ಓಡುವಂಥ ಘಾಟು. ಮೇ ತಿಂಗಳಲ್ಲಿ ಹೂ ಬಿಡುವಾಗ ಕುಡುಗೋಲಿನಿಂದ ಎಳೆಯ ಕುಡಿಗಳನ್ನಷ್ಟೇ ಕೊಯ್ಯಬೇಕು. ಗಟ್ಟಿ ಕಾಂಡಕ್ಕೆ ಕೈ ಹಾಕಿದವನನ್ನು ಊರು ಕುರಿಕಳ್ಳನಿಗಿಂತ ಕಡೆಯಾಗಿ ನೋಡುತ್ತದೆ. ಹುಳ ಕಚ್ಚಿ ಊದಿದ ಹಸಿರು ಗಂಟುಗಳು ಕೊಂಬೆಯ ತುದಿಯಲ್ಲಿ ಸಿಕ್ಕರೆ ಸಿಪ್ಪೆ ಸುಲಿದು ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಬಿಸಿಲಿನಲ್ಲಿ ಬಾಯಾರಿದವರಿಗೆ ಅದೇ ಸೇಬು.

ಈ ಸೊಪ್ಪಿನ ಮೇಲೆ ಕನಾಕಿಸನಿಗಿದ್ದ ನಂಬಿಕೆ ಪಾದ್ರಿಗೆ ದೇವರ ಮೇಲೂ ಇರಲಿಲ್ಲ. ಗಂಟಲು ಕಟ್ಟಿದರೆ ಕಷಾಯ. ಹಲ್ಲು ನೋವಿಗೂ ಅದೇ, ಕತ್ತೆಯ ಬೆನ್ನಿನ ಹುಣ್ಣು ತೊಳೆಯಲೂ ಅದೇ, ಜ್ವರದವರು ಮಲಗಿ ಎದ್ದ ಕೋಣೆಗೆ ಅದರದೇ ಹೊಗೆ. ಒಮ್ಮೆ ಅವನ ಹುಂಜ ಸತ್ತು ಬಿದ್ದಿತ್ತಂತೆ. ಕೊಕ್ಕು ಬಿಡಿಸಿ ಕಷಾಯ ಹನಿಸಿದ. ಹುಂಜ ಎದ್ದು ನಿಂತು ಕೂಗಿತು. ದನಿ ಮಾತ್ರ ಒಡೆದಿತ್ತು, ಏಕೆಂದರೆ ಸ್ವರ್ಗದ ಬಾಗಿಲ ತನಕ ಹೋಗಿ ಬಂದಿತ್ತಲ್ಲ, ಅಲ್ಲಿ ಬಹಳ ಚಳಿ.

ಊರಿನ ಹೆಂಗಸರು ಹಿತ್ತಿಲ ಬಾಗಿಲಿಗೆ ಬಂದು ಸೊಪ್ಪು ಕೇಳುತ್ತಿದ್ದರು. ಯಾತಕ್ಕೆ ಎಂದರೆ, "ಹೊಟ್ಟೆಗೆ ಕಣಣ್ಣ" ಎಂದು ತಲೆಬಟ್ಟೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಅವನು ಕೆದಕಿ ಕೇಳಿದವನಲ್ಲ. ಕೈಗೆ ಕಟ್ಟು ಕೊಟ್ಟು, ಜೊತೆಗೆ ಹುಂಜದ ಕಥೆಯನ್ನೂ ಕೊಟ್ಟು, ಹೊಗಳಿಸಿಕೊಂಡು ಕಳಿಸುತ್ತಿದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಮಾತನ್ನು ನಡುವೆ ತಡೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಮಗ ಸ್ಟ್ರಾಟಿಸ್ ಬೇಸಿಗೆ ಪೂರ್ತಿ ಕುರಿಗಳ ಜೊತೆ ಮೇಲಿನ ಬೆಟ್ಟದ ಕಲ್ಲುಗುಡಿಸಲಿನಲ್ಲಿರುತ್ತಿದ್ದ. ಸೊಸೆ ರೊದಾಂತಿ ಕಡಲ ದಡದ ಅರ್ಮಿರಾ ಊರಿನವಳು. ಅವಳ ಚೊಚ್ಚಲು ಹೆರಿಗೆಗೆ ತಾಯಿ ಗರಿಫಾಲಿಯಾ ಕತ್ತೆಯ ಮೇಲೆ ಕೋಳಿ, ಎಣ್ಣೆ ಡಬ್ಬ, ಉಪ್ಪುಮೀನು ಹೇರಿಕೊಂಡು ಗುಡ್ಡ ಹತ್ತಿ ಬಂದಳು. ಹೆಣ್ಣು ಕೂಸು ಹುಟ್ಟಿತು. ಕನಾಕಿಸ್ ಕುಣಿದಾಡಿದ. ಬೀಗಿತ್ತಿ ಮಾತ್ರ ಬಂದ ಮರುದಿನವೇ ಬಾಣಂತಿ ಕೋಣೆಯ ತೊಲೆಯಿಂದ ಸೊಪ್ಪಿನ ಕಟ್ಟುಗಳನ್ನು ಬಿಚ್ಚತೊಡಗಿದಳು.

"ಬೀಗರೇ, ಇವನ್ನೆಲ್ಲ ಆಚೆ ಇಡ್ತೀನಿ."

"ಯಾಕ್ ಬೀಗಮ್ಮ, ನಿಮ್ಮೂರಿನ ಮೀನಿನ ವಾಸನೆ ಇಲ್ದೆ ನಿದ್ದೆ ಬರ್ಲಿಲ್ವಾ?"

"ವಾಸನೆ ಮಾತಲ್ಲ. ಒಂದ್ನಿಮಿಷ ಕೇಳಿ, ಬಾಣಂತಿಗೆ ಇದು..."

"ಈ ಸೊಪ್ಪಿನ ಬಗ್ಗೆ ನನಗೇ ಹೇಳ್ತೀರಾ? ನಮ್ಮ ತಾತನ ಕಾಲದಲ್ಲಿ ತುರ್ಕಿ ಪಾಷಾ ಹೊಟ್ಟೆ ಉಬ್ಬರಿಸ್ಕೊಂಡು ಅರಮನೆ ಬಾಗಿಲಲ್ಲಿ ಸಿಕ್ಕಾಕೊಂಡಿದ್ದ..."

ಪಾಷಾ ಕಷಾಯ ಕುಡಿದು ಬಾಗಿಲಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಕಟ್ಟುಗಳು ಅಂಗಳದಲ್ಲಿದ್ದವು, ಬೀಗಿತ್ತಿ ಒಳಗಿದ್ದಳು. ಕನಾಕಿಸ್ ಆ ದಿನದಿಂದ ಮುಖ ಊದಿಸಿಕೊಂಡ.

ಅಷ್ಟರಲ್ಲಿ ಅರ್ಮಿರಾದಲ್ಲಿ ಗರಿಫಾಲಿಯಾಳ ಗಂಡ ದೋಣಿಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡನೆಂದು ಸುದ್ದಿ ಬಂತು. ಅವಳು ಹೊರಟಳು. ಹೊರಡುವಾಗ ಕೂಸಿನ ಮೇಲೆ ಬಗ್ಗಿ, "ಎಂಥಾ ಕೆನ್ನೆ ನನ್ ಬಂಗಾರದ್ದು, ಬೆಣ್ಣೆ ಉಂಡೆ" ಎಂದಳು. ಕೂಸನ್ನು ಹೊಗಳಿದವರು ಕೂಡಲೇ ಥೂ ಥೂ ಎಂದು ಉಗಿದ ಹಾಗೆ ಮಾಡಬೇಕು, ಇಲ್ಲವಾದರೆ ದೃಷ್ಟಿ ತಾಗುತ್ತದೆ. ಅವಳು ಉಗಿದಳೋ ಇಲ್ಲವೋ ಕನಾಕಿಸ್ ನೋಡಿರಲಿಲ್ಲ. ಅವನು ಆಗ ಕತ್ತೆಯ ಹೊಟ್ಟೆಪಟ್ಟಿ ಬಿಗಿಯುತ್ತಿದ್ದ.

ಬೀಗಿತ್ತಿ ತಿರುವು ದಾಟಿದ ಕೂಡಲೇ ಅವನು ಕಟ್ಟುಗಳನ್ನೆಲ್ಲ ಮತ್ತೆ ತೊಲೆಗೆ ಕಟ್ಟಿದ. ಅದೇ ವಾರ ರೊದಾಂತಿಗೆ ಕೆಮ್ಮು ಹತ್ತಿತು. ಕನಾಕಿಸನಿಗೆ ಹಬ್ಬವೇ ಆಯಿತು. ಬೆಳಿಗ್ಗೆ ಒಂದು ಬಟ್ಟಲು, ಮಧ್ಯಾಹ್ನ ಒಂದು, ಸಂಜೆ ಒಂದು. ಸೊಪ್ಪನ್ನು ಕೈತುಂಬ ಹಾಕಿ, ನೀರು ಕಪ್ಪಾಗುವ ತನಕ ಕುದಿಸಿ, ಜೇನು ಬೆರೆಸಿ ತಂದು ಎದುರು ನಿಲ್ಲುತ್ತಿದ್ದ.

"ಮಾವಯ್ಯ, ಕೆಮ್ಮು ಹೋಯ್ತಲ್ಲ. ಇನ್ನೂ ಯಾಕೆ?"

"ಹೋದ ಕೆಮ್ಮು ತಿರುಗಿ ನೋಡ್ಬಾರ್ದು ಅಂತ. ಕುಡಿ ಮಗಳೇ."

"ನಾಲಿಗೆ ಒಣಗೋಗುತ್ತೆ."

"ಒಣಗ್ಲಿ ಬಿಡು, ನೆಗಡಿ ಎಲ್ಲಾ ಒಣಗುತ್ತೆ."

ರೊದಾಂತಿ ದೊಡ್ಡವರ ಮಾತು ಮೀರುವವಳಲ್ಲ. ಮೂಗು ಹಿಡಿದುಕೊಂಡು ಕುಡಿದಳು.

ಕೂಸು ಅಳತೊಡಗಿತು. ಎದೆ ಹಿಡಿದು ಜಗ್ಗುವುದು, ಬಿಟ್ಟು ಅಳುವುದು, ಮತ್ತೆ ಜಗ್ಗುವುದು. ಆ ಅಳುವಿಗೆ ಎದುರು ಗುಡ್ಡದ ಮೇಕೆಗಳು ತಮ್ಮ ಮರಿಯೇ ಕರೆಯುತ್ತಿದೆಯೆಂದು ಹಿಂಡುಹಿಂಡಾಗಿ ಇಳಿದು ಬಂದು ಅಂಗಳದಲ್ಲಿ ನಿಂತವು. ಕನಾಕಿಸ್ ಒಂದು ಮೇಕೆಯ ಹಾಲು ಕರೆದು, ಬಟ್ಟೆಯ ತುದಿ ಅದ್ದಿ ಕೂಸಿನ ಬಾಯಿಗಿಟ್ಟ. ಕೂಸು ಚೀಪಿ ವಾಂತಿ ಮಾಡಿತು. ರೊದಾಂತಿ ಗೋಡೆಗೆ ಒರಗಿ, "ಎದೇಲಿ ಏನೂ ಇಲ್ಲ ಮಾವಯ್ಯ, ಬತ್ತೋಗ್ತಿದೆ" ಎಂದು ಬಿಕ್ಕಿದಳು. ಕೂಸಿನ ಕೆನ್ನೆ ಇಳಿದು, ಕಣ್ಣು ದೊಡ್ಡದಾಗಿ ಕಾಣತೊಡಗಿತು. ಕನಾಕಿಸ್ ಹೆದರಿದ. ಹೆದರಿದವನು ಏನು ಮಾಡಿದ ಎಂದರೆ, ಬಟ್ಟಲಿನ ಬದಲು ಚೊಂಬಿನಲ್ಲಿ ಕಷಾಯ ಕೊಡಲು ಶುರು ಮಾಡಿದ.

ಹಾಲು ಬರದಿದ್ದಾಗ ಪಕ್ಕದ ಮನೆಯ ಕಲಿಯೊ ಎಂಬವಳನ್ನು ಕರೆಸಿದ. ಮುದುಕಿ ದೃಷ್ಟಿ ನೋಡುವವಳು. ತಟ್ಟೆಯ ನೀರಿಗೆ ಎಣ್ಣೆ ಹನಿಸಿದಳು. ಹನಿ ಗುಂಡಗೆ ನಿಲ್ಲದೆ ಹರಡಿಹೋಯಿತು.

"ಕಣ್ಣು ಬಿದ್ದಿದೆ ಕನಾಕಿಸಣ್ಣ, ಬಲವಾಗೇ ಬಿದ್ದಿದೆ. ಊಟ ಗೀಟ ಏನ್ ಕೊಡ್ತಿದೀಯ ಇವಳಿಗೆ?"

"ನಮ್ಮನೇಲಿ ಇರೋದ್ರಲ್ಲಿ ಒಳ್ಳೇದೆಲ್ಲಾ ಕೊಡ್ತಿದೀನಿ. ನಾನ್ ಕೈಯಾರೆ ಕೊಡ್ತಿದೀನಿ" ಎಂದ ಕನಾಕಿಸ್, ಎದೆಯುಬ್ಬಿಸಿ. ದೃಷ್ಟಿ ಹೋಗಲೆಂದು ಆಗಲೇ ಕೆಂಡದ ಮೇಲೆ ಸೊಪ್ಪು ಹಾಕಿ ಕೋಣೆ ತುಂಬ ಹೊಗೆ ಎಬ್ಬಿಸಿದ್ದ. ಆ ಘಾಟಿನಲ್ಲಿ ಮೂಲೆಯಲ್ಲಿದ್ದ ಚೊಂಬು ಕಲಿಯೊಳ ಮೂಗಿಗೆ ಸಿಗಲಿಲ್ಲ.

ಮರುದಿನ ಕಾಫಿ ಅಂಗಡಿಯಲ್ಲಿ ಅದೇ ಮಾತು. ಅಂಗಡಿಯ ಅಂದ್ರುಲಿಸ್ ಬಟ್ಟಲು ಒರೆಸುತ್ತ ಕೇಳಿದ, "ಯಾರ ಕಣ್ಣು ಅಂತೀಯ?"

"ಹೊರಗಿನವರು ನಮ್ಮನೆಗೆ ಯಾರ್ ಬಂದಿದ್ರು? ಒಬ್ಬಳೇ. ಅವಳ ಕಣ್ಣು ಯಾವ ಬಣ್ಣ? ಸಮುದ್ರದ ನೀಲಿ."

"ನಿನ್ ಬೀಗಿತ್ತಿನಾ? ಹೆತ್ತ ಮಗಳ ಕೂಸಿಗೆ ಯಾರಾದ್ರೂ ಕಣ್ ಹಾಕ್ತಾರೇನಯ್ಯ?"

"ಬೇಕಂತ ಹಾಕಲ್ಲಪ್ಪ. ಕಣ್ಣೇ ಹಂಗಿದ್ರೆ ಅವಳಾದ್ರೂ ಏನ್ ಮಾಡ್ತಾಳೆ. ನಮ್ ನಿಂಬೆಗಿಡ ನೋಡಿ ಚೆನ್ನಾಗಿದೆ ಅಂದ್ಲು, ಸಾಯಂಕಾಲಕ್ಕೆ ಎಲೆ ಎಲ್ಲಾ ನೆಲದ ಮೇಲೆ. ಥೂ ಅಂತ ಉಗೀದೇನೆ ಹೋದ್ಲು. ನಾನೇ ನೋಡ್ದೆ."

ನಿಂಬೆಗಿಡದ ಮಾತು ಅವನಿಗೂ ಹೊಸದು. ಬಾಯಿಂದ ಬಿದ್ದ ಮೇಲೆ ಮಾತ್ರ, ಕಣ್ಣಾರೆ ಕಂಡಷ್ಟೇ ನಿಜವೆನಿಸಿತು. ಅವನ ಉಳಿದ ಕಥೆಗಳೂ ಹುಟ್ಟುತ್ತಿದ್ದದ್ದು ಹಾಗೆಯೇ. ಆದರೆ ಅವುಗಳಲ್ಲಿ ಇರುತ್ತಿದ್ದದ್ದು ಹುಂಜ, ಪಾಷಾ. ಈ ಸಲ ಜೀವಂತ ಹೆಂಗಸೊಬ್ಬಳಿದ್ದಳು.

ದೃಷ್ಟಿ ಹಾಕಿದವರ ಉಟ್ಟ ಬಟ್ಟೆಯ ಚೂರನ್ನು ಸುಟ್ಟು ಹೊಗೆ ಕೊಟ್ಟರೆ ದೃಷ್ಟಿ ಕಳೆಯುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಭಾನುವಾರ ಕನಾಕಿಸ್ ಕುರಿ ತುಪ್ಪಟ ಕತ್ತರಿಸುವ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅರ್ಮಿರಾಕ್ಕೆ ಇಳಿದ. ಪ್ರಾರ್ಥನೆ ಮುಗಿದು ಜನ ಚರ್ಚಿನ ಅಂಗಳಕ್ಕೆ ಬರುತ್ತಿದ್ದರು. ಗರಿಫಾಲಿಯಾ ಅವನನ್ನು ನೋಡಿ ನಗುತ್ತ ಬಂದಳು. ಅವನು ಬಗ್ಗಿ, ಅವಳ ಲಂಗದ ಅಂಚನ್ನು ಹಿಡಿದು, ಕಚಕ್ಕನೆ ಅಂಗೈ ಅಗಲದ ಚೂರು ಕತ್ತರಿಸಿದ.

"ಇದೇನ್ ಬೀಗರೇ?"

"ತಪ್ ತಿಳ್ಕೋಬೇಡಿ ಬೀಗಮ್ಮ. ನಿಮ್ ಕಣ್ಣು ತಾಗಿ ಮಗಳ ಹಾಲು ಬತ್ತೋಗಿದೆ. ಇದನ್ನ ಸುಟ್ಟು ಹೊಗೆ ಹಾಕ್ಬೇಕು."

ಕೂಸು ಎತ್ತಿಕೊಂಡಿದ್ದ ಹೆಂಗಸರು ತಮ್ಮ ಕೂಸುಗಳ ಮುಖವನ್ನು ಹೆಗಲಿಗೆ ಒತ್ತಿಕೊಂಡು ಹಿಂದೆ ಸರಿದರು. ಗರಿಫಾಲಿಯಾ ಸುತ್ತ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು: "ಕೂಸು ಹೇಗಿದೆ?"

ಕನಾಕಿಸ್ ಆಗಲೇ ತಿರುಗಿದ್ದ. ಬಟ್ಟೆಯ ಚೂರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಗುಡ್ಡದ ದಾರಿ ಹಿಡಿದ.

ಅವನು ಅದನ್ನು ಕೆಂಡದ ಮೇಲೆ ಹಾಕುವಾಗ ರೊದಾಂತಿ ಗುರುತು ಹಿಡಿದಳು. "ಇದು ಅಮ್ಮನ ಭಾನುವಾರದ ಲಂಗ. ಏನ್ ಮಾಡಿದ್ರಿ ಮಾವಯ್ಯ?" ಅವನು ಹೇಳಿದ. ಹೇಗೆ ಜನ ನೋಡಿದರು, ಹೇಗೆ ಕತ್ತರಿ ಹಾಕಿದೆ ಎಂದು ಬಣ್ಣ ಕಟ್ಟಿ ಹೇಳಿದ. ರೊದಾಂತಿ ಅತ್ತಳು. ಸಂಜೆ ಕಷಾಯ ತಂದಾಗ ಚೊಂಬನ್ನು ಪಕ್ಕಕ್ಕೆ ತಳ್ಳಿದಳು.

"ನಿಮ್ ಕೈಯಿಂದ ಇನ್ ಏನೂ ಬೇಡ. ನೀರೂ ಬೇಡ."

ಅವಳು ಮಾತಿಗೆ ತಪ್ಪಲಿಲ್ಲ. ಕಲಿಯೊಳ ಮನೆಯಿಂದ ಬಂದ ಗಂಜಿ ಕುಡಿದಳು, ಕೂಸನ್ನು ಹಗಲೆಲ್ಲ ಒಣ ಎದೆಗೇ ಒತ್ತಿ ಹಿಡಿದಳು. ಕನಾಕಿಸ್ ತಂದಿಟ್ಟ ಚೊಂಬುಗಳು ಕಿಟಕಿಯಲ್ಲಿ ತಣ್ಣಗಾದವು. ವಾರ ಕಳೆಯುವುದರೊಳಗೆ ಎದೆಗೆ ಹಾಲು ಇಳಿಯಿತು. ಮೊದಲು ಹನಿ, ಆಮೇಲೆ ಧಾರೆ. ಕೂಸು ಕುಡಿದು, ತೇಗಿ, ಹೆಂಡ ಕುಡಿದವನ ಹಾಗೆ ತಲೆ ವಾಲಿಸಿ ಮಲಗಿತು.

ಊರಿಗೆ ಊರೇ ಕನಾಕಿಸನ ಬೆನ್ನು ತಟ್ಟಿತು. ಕಾಫಿ ಅಂಗಡಿಯಲ್ಲಿ ಅವನ ಮುಂದಿನ ರಾಕಿ ಸಾರಾಯಿಯ ಬಟ್ಟಲು ಖಾಲಿಯಾಗಲು ಯಾರೂ ಬಿಡಲಿಲ್ಲ. "ಒಂದ್ ಚೂರ್ ಬಟ್ಟೆ ಸುಟ್ಟಿದ್ದಕ್ಕೆ ಹಾಲು ಹರಿದಿದೆ ಅಂದ್ರೆ, ಆ ಹೆಂಗಸಿನ ಕಣ್ಣು ಎಂಥದಿರ್ಬೇಕು" ಎಂದ ಅಂದ್ರುಲಿಸ್. ಕನಾಕಿಸ್ ಲೆಕ್ಕವಿಲ್ಲದಷ್ಟು ಸಲ ಕತ್ತರಿಯ ಕಥೆ ಹೇಳಿದ. ಹೇಳುತ್ತ ಹೇಳುತ್ತ, ಬಟ್ಟೆ ಸುಡುವಾಗ ನೀಲಿ ಉರಿ ಎದ್ದಿತು ಎಂಬುದೂ ಸೇರಿಕೊಂಡಿತು.

ಆಮೇಲೊಂದು ದಿನ ಕಲಿಯೊ ಹಿತ್ತಿಲ ಬಾಗಿಲಿಗೆ ಬಂದಳು.

"ಒಂದ್ ಕಟ್ಟು ಸೊಪ್ಪು ಕೊಡಣ್ಣ. ಮಗಳು ಹುಡುಗನ್ನ ಮೊಲೆ ಬಿಡಿಸ್ತಿದ್ದಾಳೆ. ಎದೆ ಕಟ್ಕೊಂಡು ಒದ್ದಾಡ್ತಿದ್ದಾಳೆ, ಪಾಪ."

"ಅದಕ್ಕೂ ಸೊಪ್ಪಿಗೂ ಏನ್ ಸಂಬಂಧ?"

"ನೀನೊಳ್ಳೆ. ಇಷ್ಟ್ ವರ್ಷದಿಂದ ಕೊಡ್ತಿದೀಯ, ಗೊತ್ತಿಲ್ವಾ? ನಾಲ್ಕ್ ದಿನ ಇದ್ರ ಕಷಾಯ ಕುಡಿದ್ರೆ ಹಾಲು ಬತ್ತೋಗುತ್ತೆ. ಹಾಲು ಬಿಡಿಸೋಕೆ ನಮ್ಗೆ ಇದೊಂದೇ ಮದ್ದು."

"ಹೊಟ್ಟೆಗೆ ಅಂತಿದ್ರಲ್ಲ ನೀವೆಲ್ಲಾ."

"ಗಂಡಸ್ರ ಮುಂದೆ ಎದೆ ಅನ್ನೋಕಾಗುತ್ತಾ? ಹೊಟ್ಟೆ ಅಂದ್ವಿ. ಎರಡೂ ಹತ್ರಾನೇ ಇದಾವಲ್ಲ." ಕಲಿಯೊ ನಕ್ಕಳು. "ಮುಖ ಯಾಕ್ ಹಂಗಾಯ್ತು?"

"ಅಟ್ಟದ ಧೂಳು" ಎಂದ ಕನಾಕಿಸ್.

ಅವಳು ಹೋದ ಮೇಲೆ ಅವನು ಅಟ್ಟದ ಏಣಿಯ ಬುಡದಲ್ಲೇ ಕುಳಿತ. ಬಟ್ಟಲು, ಚೊಂಬು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಕಟ್ಟುಗಳನ್ನು ಬಿಚ್ಚುತ್ತ ಬೀಗಿತ್ತಿ ಹೇಳಬಂದಿದ್ದ ಮಾತು, ತಾನು ಅದರ ಮೇಲೆ ಎಳೆದು ಹಾಕಿದ ಪಾಷಾ. ರೊದಾಂತಿ ಚೊಂಬು ತಳ್ಳಿದ ಮೇಲೆಯೇ ಹಾಲು ಬಂದದ್ದು. ಸ್ವಂತ ಮೊಮ್ಮಗಳನ್ನು ಜೇನು ಬೆರೆಸಿ ಉಪವಾಸ ಕೆಡವಿದ್ದೇನೆ ಎಂದು ತಿಳಿದಾಗ ಅವನ ಕಿವಿ ಎಷ್ಟು ಬಿಸಿಯಾಯಿತೆಂದರೆ ಅದರ ಮೇಲೆ ರೊಟ್ಟಿ ಸುಡಬಹುದಿತ್ತು.

ಆದರೂ ಅವನು ಬಾಯಿ ಬಿಡಲಿಲ್ಲ. ಗೊತ್ತಿದ್ದದ್ದು ಅವನೊಬ್ಬನಿಗೇ. ಹಾಲು ಬಂದಿದೆ, ಕೂಸು ಚೇತರಿಸಿಕೊಂಡಿದೆ, ಇನ್ನು ಯಾಕೆ ಕೆದಕುವುದು ಎಂದುಕೊಂಡ. ತೊಲೆಯ ಕಟ್ಟುಗಳನ್ನು ಕದ್ದು ಅಟ್ಟಕ್ಕೆ ಸಾಗಿಸಿದ. ಕಾಫಿ ಅಂಗಡಿಗೆ ಹೋದರೆ ಹೊಗಳಿಕೆ. "ಆ ನೀಲಿ ಉರಿ ವಿಷ್ಯ ಇನ್ನೊಂದ್ಸಲ ಹೇಳು" ಎಂದರೆ, ಕತ್ತೆಗೆ ನೀರು ಕುಡಿಸಬೇಕೆಂದು ಎದ್ದು ಬರುತ್ತಿದ್ದ. ಆ ದಿನಗಳಲ್ಲಿ ಅವನ ಕತ್ತೆ ಕುಡಿದ ನೀರಿಗೆ ಊರ ಬಾವಿಯೇ ತಳ ಕಂಡಿತು.

ಅವನ ಬಾಯಿ ತೆರೆಸಿದ್ದು ರೊದಾಂತಿ. ಕೂಸಿಗೆ ಚರ್ಚಿನಲ್ಲಿ ನೀರೆರೆದು ಹೆಸರಿಡುವ ದಿನ ಗೊತ್ತುಮಾಡಲು ಪಾದ್ರಿ ಹೇಳಿಕಳಿಸಿದ್ದ. ಅವಳು ಕೂಸಿಗೆ ಹಾಲೂಡಿಸುತ್ತ ತಲೆ ತಗ್ಗಿಸಿಕೊಂಡೇ ಹೇಳಿದಳು.

"ನಿಮ್ ಮೇಲೆ ಸಿಟ್ಟಾಗಿದ್ದೆ ಮಾವಯ್ಯ, ತಪ್ಪಾಯ್ತು. ನೀವ್ ಹೇಳಿದ್ದೇ ನಿಜ ಇರ್ಬೇಕು. ಬಟ್ಟೆ ಸುಟ್ಮೇಲೆ ತಾನೇ ಹಾಲು ಬಂದಿದ್ದು." ಕೂಸಿನ ತಲೆ ಸವರಿ, "ಹೆಸರಿಡೋ ದಿನ ಅಮ್ಮನ್ನ ಕರೆಯೋದ್ ಬೇಡ. ನನಗೆ ಭಯ ಆಗುತ್ತೆ."

ಕನಾಕಿಸ್ ಅಂಗಳಕ್ಕೆ ಇಳಿದ. ಹಗ್ಗ ಎಳೆದು ಕತ್ತೆಯನ್ನು ಅರ್ಮಿರಾ ಕಡೆ ಹೊರಡಿಸಿದ.

ದಾರಿಯುದ್ದಕ್ಕೂ ಕಥೆ ಕಟ್ಟಿದ. ಸೊಪ್ಪಿನ ಕಟ್ಟಿನಲ್ಲಿ ಬೇರೆ ಯಾವುದೋ ಗಿಡ ಸೇರಿತ್ತು ಎನ್ನಬಹುದು. ಕಲಿಯೊ ಕುಡಿಸಿದಳು ಎನ್ನಬಹುದು. ಕನಸಿನಲ್ಲಿ ಸಂತ ಬಂದು ಬೀಗಿತ್ತಿಯ ಕಣ್ಣು ತೊಳೆದ, ಇನ್ನು ಚಿಂತೆಯಿಲ್ಲ ಎನ್ನಬಹುದು. ಕೊನೆಯದು ಅವನಿಗೇ ಬಹಳ ಹಿಡಿಸಿತು. ಅರ್ಮಿರಾ ತಲುಪುವ ಹೊತ್ತಿಗೆ ಸಂತನ ಗಡ್ಡದ ಉದ್ದವೂ ನಿಗದಿಯಾಗಿತ್ತು.

ಗರಿಫಾಲಿಯಾ ಮನೆಯ ಮುಂದೆ ಕಲ್ಲಿನ ಮೇಲೆ ಕುಳಿತು ಮೀನು ಸೀಳಿ ಉಪ್ಪು ತುಂಬುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಕೂಸನ್ನು ಎತ್ತಿಕೊಂಡು ಬೀದಿಗೆ ಬಂದಳು. ಕೂಡಲೇ ಗರಿಫಾಲಿಯಾ ಮೀನು ಬಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕುಳಿತಳು. ಹೆಂಗಸು ದಾಟಿ ಹೋಗುವ ತನಕ ಹಾಗೇ ಇದ್ದಳು. ತಿರುಗಿದಾಗ ಎದುರಿಗೆ ಕನಾಕಿಸ್. ಅವಳು ತಲೆಬಟ್ಟೆಯನ್ನು ಹುಬ್ಬಿನ ಕೆಳಗೆ ಎಳೆದುಕೊಂಡು ಅವನ ಕಾಲು ನೋಡುತ್ತ ಮಾತಾಡಿದಳು.

"ಬನ್ನಿ ಬೀಗರೇ. ಕೂಸು?"

"ಚೆನ್ನಾಗಿದೆ. ಹಾಲು ಬಂದಿದೆ."

"ದೇವ್ರು ದೊಡ್ಡವನು." ಅವಳು ಉಪ್ಪಿನ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು. "ಹಾಗಾದ್ರೆ ನೀವ್ ಮಾಡಿದ್ದು ಸರಿ. ನಾನು ನಂಬಿರ್ಲಿಲ್ಲ. ಈಗ ಯಾವ ಕೂಸನ್ನೂ ನೋಡಲ್ಲ ಬೀಗರೇ. ಇನ್ನೂ ಬಟ್ಟೆ ಬೇಕಾ? ಮೈಮೇಲಿನ ಒಳಬಟ್ಟೆ ಬೇಕಾದ್ರೂ ಕೊಡ್ತೀನಿ."

ಸಂತನನ್ನೂ ಗಡ್ಡವನ್ನೂ ಕನಸನ್ನೂ ಕನಾಕಿಸ್ ಅಲ್ಲೇ ಕೈಬಿಟ್ಟ. ಅವಳೆದುರು ನೆಲದ ಮೇಲೆ, ಮೀನಿನ ರಾಶಿಯ ನಡುವೆ ಕುಳಿತುಬಿಟ್ಟ.

"ನಾನ್ ಸೊಪ್ಪು ಕುಡಿಸ್ತಿದ್ದೆ."

"ಯಾರಿಗೆ?"

"ಮಗಳಿಗೆ. ದಿನಾ ಮೂರ್ ಹೊತ್ತು. ಹಾಲು ಕಮ್ಮಿ ಆದ್ಮೇಲೆ ಇನ್ನೂ ಜಾಸ್ತಿ. ಅದು ಹಾಲು ಬತ್ಸುತ್ತೆ ಅಂತ ಗೊತ್ತಿರ್ಲಿಲ್ಲ. ಅವಳು ಕುಡಿಯೋದ್ ಬಿಟ್ಳು, ಹಾಲು ಬಂತು. ನಿಮ್ ಕಣ್ಣಲ್ಲಿ ಏನೂ ಇಲ್ಲ."

ಗರಿಫಾಲಿಯಾಳ ಕೈಯಿಂದ ಮೀನು ಜಾರಿತು. ಒಳಗಿನಿಂದ ಕಾಲು ಮುರಿದ ಗಂಡ, "ಯಾರೇ ಅದು?" ಎಂದು ಕೂಗಿದ. "ಬೀಗರು" ಎಂದಳು. ಆಮೇಲೆ ತಲೆ ಎತ್ತಿ, ಆ ನೀಲಿ ಕಣ್ಣುಗಳಿಂದ ಅವನನ್ನು ನೇರವಾಗಿ ನೋಡಿದಳು. ಕನಾಕಿಸನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಅವತ್ತೇ ಹೇಳೋಕ್ ಬಂದೆ. ಬಿಟ್ರಾ ನೀವು?"

"ಇಲ್ಲ."

"ಉಗೀಲಿಲ್ಲ ಅಂತ ಊರೆಲ್ಲಾ ಹೇಳಿದ್ರಂತೆ. ಉಗಿದಿದ್ದೆ ನಾನು. ಆದ್ರೂ ಈ ಒಂದ್ ತಿಂಗಳಿಂದ, ಉಗಿದ್ನೋ ಇಲ್ವೋ ಅಂತ ನನಗೇ ಅನುಮಾನ ಬರೋ ಹಾಗೆ ಮಾಡ್ಬಿಟ್ರಲ್ಲ."

"ನಾನ್ ನೋಡಿರ್ಲಿಲ್ಲ. ಕತ್ತೆಗೆ ಪಟ್ಟಿ ಕಟ್ತಿದ್ದೆ."

"ರೊದಾಂತಿಗೆ ಹೇಳಿದ್ರಾ?"

"ಇನ್ನೂ ಇಲ್ಲ. ಮೊದಲು ನಿಮ್ಹತ್ರ..."

"ನನ್ಹತ್ರ ಹೇಳೋದ್ ಸುಲಭ. ಇಲ್ಲಿ ಮೀನು ಬಿಟ್ರೆ ಯಾರೂ ಕೇಳ್ಸ್ಕೊಳಲ್ಲ." ಅವಳು ಚಾಕು ಎತ್ತಿಕೊಂಡಳು. "ಅವಳಿಗೆ ಹೇಳಿ. ಎಲ್ಲೆಲ್ಲಿ ನನ್ ಹೆಸರು ಎತ್ತಿದ್ರೋ ಅಲ್ಲೆಲ್ಲಾ ಹೇಳಿ. ಆಮೇಲೆ ಬಂದು ಕರೀರಿ. 'ಬಾ' ಅಂತ ಅವಳ ಬಾಯಿಂದ ಬಂದಿದ್ರೆ ಬರ್ತೀನಿ. ಈಗ ಎದ್ದೇಳಿ, ಬೆಕ್ಕು ಮೀನಿಗೆ ಕಾಯ್ತಿದೆ, ನಿಮಗೆ ಹೆದರಿ ಹತ್ರ ಬರ್ತಿಲ್ಲ."

ಗುಡ್ಡ ಹತ್ತಿ ಬಂದವನು ರೊದಾಂತಿಗೆ ಹೇಳಿದ. ಬಣ್ಣ ಕಟ್ಟದೆ, ಒಂದೇ ಉಸಿರಿನಲ್ಲಿ ಹೇಳಿದ. ಅವಳು ಕೇಳುತ್ತ ಕೇಳುತ್ತ ಕೂಸನ್ನು ಇನ್ನಷ್ಟು ಹತ್ತಿರ ಒತ್ತಿಕೊಂಡಳು. "ನಾನು ನಮ್ಮಮ್ಮನ್ನ..." ಎಂದಳು. ಗೋಡೆಯ ಕಡೆ ತಿರುಗಿ ಕುಳಿತಳು. ತಿರುಗದೆಯೇ, "ಅಂಗಡೀಲೂ ಹೇಳಿ ಹೋಗಿ" ಎಂದಳು.

ಅಂಗಡಿ ತುಂಬಿತ್ತು. ಅವನು ಬಾಗಿಲಲ್ಲೇ ನಿಂತು, ಕುಳಿತುಕೊಳ್ಳದೆ, ಎಲ್ಲ ಹೇಳಿದ. ಗಂಡಸರು ಕೇಳಿದರು. ಆಮೇಲೆ ಅಂದ್ರುಲಿಸ್ ಮೇಜಿನ ಮೇಲೆ ಅಂಗೈ ಬಡಿದು ನಕ್ಕ.

"ಇದು ಹುಂಜಕ್ಕಿಂತ ಚೆನ್ನಾಗಿದೆ ಕಣಯ್ಯ. ಜಗತ್ತಿನ ಕಾಯಿಲೆ ಎಲ್ಲಾ ವಾಸಿ ಮಾಡೋ ಸೊಪ್ಪು ಹಾಲು ಬತ್ಸುತ್ತಾ?"

"ನಿಜ ಹೇಳ್ತಿದೀನಿ."

"ಗೊತ್ತಾಯ್ತು ಬಿಡು. ಬೀಗಿತ್ತಿ ಮಾನ ಉಳ್ಸೋಕೆ ತಪ್ಪನ್ನ ನಿನ್ ತಲೆ ಮೇಲೆ ಹಾಕೊತಿದೀಯ. ದೊಡ್ಡ ಮನುಷ್ಯ ಕಣೋ ನೀನು. ಇವನಿಗೊಂದು ರಾಕಿ ಹಾಕ್ರೋ."

ಬಟ್ಟಲು ಮುಂದೆ ಬಂತು. ಎಲ್ಲರೂ ಎದ್ದು ನಿಂತು ಅವನ ದೊಡ್ಡತನಕ್ಕೆ ಕುಡಿದರು. ಆ ಗಳಿಗೆಯಲ್ಲಿ ನೆಲ ಬಾಯಿ ಬಿಟ್ಟಿದ್ದರೆ ಕನಾಕಿಸ್ ಕತ್ತೆಯ ಸಮೇತ ಇಳಿದುಹೋಗುತ್ತಿದ್ದ. ಅವನು ಬಟ್ಟಲು ಮುಟ್ಟದೆ ಹೊರಗೆ ಓಡಿ, ಕಲಿಯೊಳ ಬಾಗಿಲು ಬಡಿದ.

"ಕಾಫಿ ಅಂಗಡಿಗಾ? ನಾನಾ?" ಎಂದಳು ಮುದುಕಿ. "ನನ್ ಹೆಣಾನೂ ಆ ಬಾಗಿಲ ಮುಂದೆ ತಗೊಂಡೋಗ್ಬೇಡಿ ಅಂತ ಹೇಳಿದೀನಿ." ಅವನು ಯಾತಕ್ಕೆ ಎಂದು ಹೇಳಿದ. ಕಲಿಯೊ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ಕೈಯಲ್ಲಿದ್ದ ಪೊರಕೆಯನ್ನು ಇಡುವುದನ್ನೂ ಮರೆತು ಮುಂದೆ ಹೊರಟಳು.

ಹೆಂಗಸರು ಆ ಹೊಸ್ತಿಲು ದಾಟುವಂತಿರಲಿಲ್ಲ. ಅವಳು ಹೊಸ್ತಿಲ ಹೊರಗೇ ನಿಂತು ಪೊರಕೆ ಊರಿದಳು.

"ಲೋ ಅಂದ್ರುಲಿ, ನಗ್ತಿದ್ದೆಯಂತೆ. ನಾಲ್ಕ್ ವರ್ಷ ಆದ್ರೂ ಮೊಲೆ ಬಿಡ್ದೆ ಬೀದೀಲಿ ಅಮ್ಮನ ಲಂಗ ಹಿಡ್ಕೊಂಡು ಓಡ್ತಿದ್ದೋನು ನೀನು. ಕೊನೆಗೆ ನಿಮ್ಮಮ್ಮ ಹಾಲು ಬತ್ಸ್ಕೊಂಡಿದ್ದು ಈ ಸೊಪ್ಪಿನ ಕಷಾಯದಿಂದ. ನಾನೇ ಕುದಿಸ್ಕೊಟ್ಟಿದ್ದು. ಇಲ್ಲಿರೋ ಎಲ್ಲರ ಅಮ್ಮಂದಿರೂ ಕುಡಿದಿದ್ದಾರೆ. ಇವನು ಅದನ್ನ ಹಸಿ ಬಾಣಂತಿಗೆ ಕುಡಿಸಿದ್ದಾನೆ, ಆಮೇಲೆ ಒಬ್ಬ ಮಾನವಂತ ಹೆಂಗಸಿನ ಲಂಗಕ್ಕೆ ಕತ್ತರಿ ಹಾಕಿದ್ದಾನೆ. ನೀವು ರಾಕಿ ಹೊಯ್ದು ಹುರಿದುಂಬಿಸಿದ್ರಿ. ನಾನೂ ಎಣ್ಣೆ ಬಿಟ್ಟು ಕಣ್ಣು ಅಂದೆ, ನನ್ ಬಾಯಿಗಿಷ್ಟು ಮಣ್ಣು."

ಯಾರೂ ನಗಲಿಲ್ಲ. ಅಂದ್ರುಲಿಸ್ ಒರೆಸಿದ ಬಟ್ಟಲನ್ನೇ ಮತ್ತೆ ಒರೆಸಿದ. ಕನಾಕಿಸ್ ಟೋಪಿಯನ್ನು ಕೈಯಲ್ಲಿ ತಿರುಚುತ್ತ ನಿಂತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಒಬ್ಬೊಬ್ಬರಾಗಿ ಎದ್ದು, ಅವನ ಪಕ್ಕದಿಂದಲೇ ದಾಟಿ ಮನೆಗೆ ಹೋದರು.

ಮರುದಿನ ರೊದಾಂತಿ "ಅಮ್ಮನ್ನ ಕರ್ಕೊಂಬನ್ನಿ" ಎಂದಳು. ಅಷ್ಟೇ ಎಂದಳು. ಅವನು ಹೋಗಿ, ಗರಿಫಾಲಿಯಾಳನ್ನು ಕತ್ತೆಯ ಮೇಲೆ ಕೂರಿಸಿ, ಹಗ್ಗ ಹಿಡಿದು ಮುಂದೆ ನಡೆದ. ದಾರಿಯಲ್ಲಿ ಒಂದು ಕಥೆಯನ್ನೂ ಹೇಳಲಿಲ್ಲ. ಅರ್ಧ ಗುಡ್ಡ ಹತ್ತಿದ ಮೇಲೆ ಅವಳೇ, "ಮೈ ಸರಿ ಇಲ್ವಾ ಬೀಗರೇ?" ಎಂದು ಕೇಳಿದಳು.

"ಸರಿಯಾಗಿದೆ."

"ಮಾತಿಲ್ಲ ಅಂದ್ರೆ ಕತ್ತೆಗೂ ಭಯ ಆಗುತ್ತೆ. ನಿಂತು ನಿಂತು ನೋಡ್ತಿದೆ ನಿಮ್ಮನ್ನ."

ಅವನು ಕತ್ತೆಯ ಕತ್ತು ತಟ್ಟಿ ಮುಂದೆ ನಡೆದ.

ಮನೆಯೊಳಗೆ ಗರಿಫಾಲಿಯಾ ತಲೆಬಟ್ಟೆಯನ್ನು ತಗ್ಗಿಸಿಕೊಂಡೇ ಕಾಲಿಟ್ಟಳು. ತಪ್ಪಿಲ್ಲವೆಂದು ಗೊತ್ತಾದ ಮೇಲೂ ಕಣ್ಣು ತಾನಾಗಿಯೇ ನೆಲಕ್ಕೆ ಇಳಿಯುವುದನ್ನು ಕಲಿತುಬಿಟ್ಟಿತ್ತು. ರೊದಾಂತಿ ಎದ್ದು ಬಂದು, ತಾಯಿಯ ತಲೆಬಟ್ಟೆಯನ್ನು ಹಣೆಯ ಮೇಲಕ್ಕೆ ಸರಿಸಿ, ಕೂಸನ್ನು ಅವಳ ಮಡಿಲಿಗೆ ಹಾಕಿದಳು.

"ನೋಡಮ್ಮ."

ಅಜ್ಜಿ ನೋಡಿದಳು. ಕೂಸೂ ನೋಡಿತು. ಅದರ ಕಣ್ಣು ಇದ್ದದ್ದು ಅಜ್ಜಿಯ ಬಣ್ಣದ್ದೇ. ತಾಯಿ ಮಗಳು ಇಬ್ಬರೂ ಒಮ್ಮೆಗೇ ಅಳತೊಡಗಿದರು.

ಕನಾಕಿಸ್ ಕತ್ತೆಯ ಪಟ್ಟಿ ಬಿಚ್ಚಿದ, ಮೈ ಒರೆಸಿದ, ನೀರು ಕುಡಿಸಿದ. ಮಾಡಲು ಇನ್ನು ಕೆಲಸ ಉಳಿದಿರಲಿಲ್ಲ. ತನ್ನದೇ ಮನೆಯ ಹೊಸ್ತಿಲ ತನಕ ಬಂದು ನಿಂತ. ಒಳಗೆ ಕೂಸು ಚಪ್ಪರಿಸುತ್ತ ಹಾಲು ಕುಡಿಯುವ ಸದ್ದು ಕೇಳುತ್ತಿತ್ತು. ಅವನು ಗೋಡೆಗೆ ಬೆನ್ನು ಕೊಟ್ಟು ಹೊರಗೇ ಕುಳಿತ.

ಕಿಟಕಿಯಿಂದ ಗರಿಫಾಲಿಯಾ ಕರೆದಳು. "ಒಳಗೆ ಬನ್ನಿ ಬೀಗರೇ. ನಿಮ್ಮನೆ ಅದು."

"ಬರ್ತೀನಿ, ಬರ್ತೀನಿ. ಇಲ್ಲಿ ಗಾಳಿ ಚೆನ್ನಾಗಿದೆ" ಎಂದ ಕನಾಕಿಸ್.

ನಡುಮಧ್ಯಾಹ್ನ. ಒಂದೆಲೆಯೂ ಅಲುಗುತ್ತಿರಲಿಲ್ಲ. ಕಲ್ಲುಗಳು ಕಾದು ಸಿಡಿಯುತ್ತಿದ್ದವು.